ಚನ್ನಬಸಮ್ಮ ಎಣ್ಣೆ ಹಚ್ಚಿದ ಬೇಳೆ

ಶ್ಯಾಮಲಾ ಎರಡನೇ ನಳಿಕೆಗೂ ಆಸಿಡ್ ಬಿಟ್ಟರು. ಒಂದು ಹನಿ, ಎರಡು ಹನಿ. ಮೂರನೆಯದು ಬೀಳುವಷ್ಟರಲ್ಲಿ ಒಳಗಿದ್ದ, ಬೇಳೆ ನೆನೆಸಿದ ಹಳದಿ ನೀರು ಗುಲಾಬಿ ಬಣ್ಣಕ್ಕೆ ತಿರುಗಿತು.

ಮೊದಲನೆಯದೂ ಗುಲಾಬಿ. ಎರಡನೆಯದೂ ಗುಲಾಬಿ.

"ನೋಡಿದ್ರಾ ಸಾರ್?" ಕೊಟ್ರೇಶ್ ಕುರ್ಚಿಯಿಂದ ಎದ್ದೇಬಿಟ್ಟ. "ನಾನು ಫ್ಯಾಕ್ಟರೀಲಿ ಮಾಡಿದಾಗ್ಲೂ ಇದೇ ಬಂತು. ವಿಡಿಯೋದಲ್ಲಿರೋದೂ ಇದೇ. ಬಟ್ಟೆಗೆ ಹಾಕೋ ಬಣ್ಣನ ಊಟಕ್ಕೆ ಹಾಕಿದಾರೆ. ನಿಮ್ಮ ಮೇಡಂ ಕೈಲೇ ಸಾಬೀತಾಯ್ತಲ್ಲ, ಇನ್ನೇನು ಬೇಕು?"

ಇಪ್ಪತ್ತೊಂಬತ್ತು ವರ್ಷ ಪೊಲೀಸ್ ಕೆಲಸ ಮಾಡಿ, ಸಬ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾಗಿ, ಪಟ್ಟಂದೂರು ಅಗ್ರಹಾರದ ಮನೆ ಮುಂದೆ 'ಭಾನುಪ್ರಕಾಶ್, ಖಾಸಗಿ ಪತ್ತೇದಾರ' ಎಂದು ಬೋರ್ಡು ಹಾಕಿಕೊಂಡವನು ನಾನು. ಮುಖ ನೋಡಿದರೆ ಸಾಕು, ಕಳ್ಳ ಯಾರೆಂದು ಹೇಳುತ್ತೇನೆ ಎಂದು ಕೊಚ್ಚಿಕೊಳ್ಳುವ ಕೆಟ್ಟ ಚಾಳಿಯೂ ಉಂಟು. ಚನ್ನಬಸಮ್ಮ ತಪ್ಪು ಮಾಡಿಲ್ಲ ಎಂದು ಎಂಟು ದಿನದಿಂದ ಕಂಡಕಂಡವರ ಮುಂದೆ ಎದೆ ತಟ್ಟಿ ಹೇಳಿದ್ದೆ. ಈಗ ಎರಡು ಗಾಜಿನ ನಳಿಕೆಗಳು ನನ್ನ ಬಾಯಿ ಮುಚ್ಚಿಸಿದ್ದವು.

ಚನ್ನಬಸಮ್ಮ ಮೂಲೆಯ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಅರವತ್ತೊಂದು ವರ್ಷ, ರಾಣೆಬೆನ್ನೂರು ಕಡೆಯವರು, ಹಣೆ ತುಂಬ ವಿಭೂತಿ. ಹೆಬ್ಬಗೋಡಿಯ ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರ ಆರುನೂರು ಜನಕ್ಕೆ ಹದಿನೆಂಟು ವರ್ಷದಿಂದ ಮಧ್ಯಾಹ್ನದ ಊಟ ಕಳಿಸಿದವರು. ಎಂಟು ದಿನದ ಹಿಂದೆ ಅವರ ಬೇಳೆಯಲ್ಲಿ ಬಣ್ಣ ಸಿಕ್ಕಿತೆಂದು ಫ್ಯಾಕ್ಟರಿ ಅವರ ಊಟ ನಿಲ್ಲಿಸಿತು. ಗುಲಾಬಿ ನಳಿಕೆಯ ವಿಡಿಯೋ ಹೆಬ್ಬಗೋಡಿಯ ಪ್ರತಿ ಮೊಬೈಲಿಗೂ ಹೋಯಿತು.

ಇವತ್ತು ಸಂಜೆ ನಾಲ್ಕರೊಳಗೆ ಅವರು ತಪ್ಪೊಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಹಾಕಿದರೆ ಅಡುಗೆಮನೆಗೆ ಬೀಗ, ಅಷ್ಟೇ. ಹಾಕದಿದ್ದರೆ ಪೊಲೀಸ್ ದೂರು. ಪತ್ರ ಮೇಜಿನ ಮೇಲಿತ್ತು. ಕೊಟ್ರೇಶ್ ಆ ಫ್ಯಾಕ್ಟರಿಯ ಕ್ಯಾಂಟೀನ್ ಗುಣಮಟ್ಟ ನೋಡಿಕೊಳ್ಳುವ ಅಧಿಕಾರಿ. ಪೆನ್ನನ್ನೂ ಅವನೇ ತಂದಿದ್ದ. ಚನ್ನಬಸಮ್ಮನ ಮಗಳು ಬಾಗಿಲ ಬಳಿ ನಿಂತು ಎಲ್ಲ ನೋಡುತ್ತಿದ್ದಳು.

"ಕೂತ್ಕೊಳಿ ಕೊಟ್ರೇಶ್," ಎಂದರು ಶ್ಯಾಮಲಾ, ತಲೆ ಎತ್ತದೆ. "ಪರೀಕ್ಷೆ ಇನ್ನೂ ಅರ್ಧ ಆಗಿದೆ."

ಈ ಹೆಂಗಸಿನ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಪೀಣ್ಯ ಎರಡನೇ ಹಂತದಲ್ಲಿ, ಸ್ಪ್ರಿಂಗ್ ಮಾಡುವ ವರ್ಕ್‌ಶಾಪಿನ ಮಹಡಿಯ ಮೇಲೆ, ಎರಡು ಕೋಣೆಯ ಲ್ಯಾಬು ಅವರದು. ಕೆಳಗೆ ಪ್ರೆಸ್ ಬಡಿದಾಗಲೆಲ್ಲ ಮೇಲಿನ ಗಾಜಿನ ಸಾಮಾನು ಸಣ್ಣಗೆ ಸದ್ದು ಮಾಡುತ್ತದೆ. ದೊಡ್ಡ ಯಂತ್ರಗಳಿಲ್ಲ. ಅವರ ಮುತ್ತಜ್ಜ ನೂರು ವರ್ಷಕ್ಕೂ ಹಿಂದೆ ಬ್ರಿಟಿಷರ ದಂಡಿನ ಪೇಟೆಯಲ್ಲಿ ಹಾಲು, ತುಪ್ಪ, ಹಿಟ್ಟು ಪರೀಕ್ಷೆ ಮಾಡುತ್ತಿದ್ದ ಕೆಮಿಸ್ಟ್. ಹಾಲಿಗೆ ನೀರು, ತುಪ್ಪಕ್ಕೆ ಕೊಬ್ಬು, ಸಕ್ಕರೆಗೆ ಸೀಮೆಸುಣ್ಣ ಬೆರೆಸುವವರನ್ನು ಸ್ಪಿರಿಟ್ ದೀಪ, ನಾಲ್ಕು ಸೀಸೆ ಮತ್ತು ಮೂಗಿನ ಬಲದ ಮೇಲೆ ಹಿಡಿದವರು. ಅವರ ಕೈಬರಹದ ಟಿಪ್ಪಣಿ ಪುಸ್ತಕ ಇನ್ನೂ ಶ್ಯಾಮಲಾ ಅವರ ಬೀರುವಿನಲ್ಲಿದೆ. ಅದನ್ನು ಅವರು ಪೂಜೆ ಮಾಡುವುದಿಲ್ಲ. ಬಳಸುತ್ತಾರೆ.

"ನಮ್ಮ ಮುತ್ತಜ್ಜ ಬರೆದಿಟ್ಟಿದಾರೆ," ಎಂದರು. "ಒಂದೇ ಬಣ್ಣ ನೋಡಿ ಯಾರ ಅನ್ನನೂ ಕೀಳಬೇಡ ಅಂತ. ಆಸಿಡ್‌ಗೆ ಗುಲಾಬಿ ಆಗೋ ಹಳದಿ ಎರಡಿವೆ. ಒಂದು ಆ ಕೆಟ್ಟ ಬಣ್ಣ. ಇನ್ನೊಂದು ನಮ್ಮೆಲ್ಲರ ಅಡುಗೆಮನೇಲೂ ಇದೆ."

ಅವರು ನೀರಿನ ಸೀಸೆ ತೆಗೆದುಕೊಂಡು ಮೊದಲನೇ ನಳಿಕೆಗೆ ಧಾರಾಳವಾಗಿ ನೀರು ಬಿಟ್ಟರು. ಅದರಲ್ಲಿದ್ದದ್ದು ಚನ್ನಬಸಮ್ಮನ ಅಡುಗೆಮನೆಯ ಡಬ್ಬಿಯಿಂದ ನಿನ್ನೆ ಶ್ಯಾಮಲಾ ತಾವೇ ತಂದ ಬೇಳೆ.

ಗುಲಾಬಿ ತಿಳಿಯಾಯಿತು. ಇನ್ನಷ್ಟು ತಿಳಿಯಾಯಿತು. ಕೊನೆಗೆ ಹೇಳಹೆಸರಿಲ್ಲದಂತೆ ಹೋಯಿತು.

"ಇದು ಅರಿಶಿನ," ಎಂದರು ಶ್ಯಾಮಲಾ.

"ಬೇಳೇಲಿ ಅರಿಶಿನ ಎಲ್ಲಿಂದ ಬಂತು ಮೇಡಂ? ಸಾರಿಗೆ ಹಾಕ್ತಾರೆ, ಒಪ್ತೀನಿ. ಇದು ಹಸಿ ಬೇಳೆ."

ಮೂಲೆಯ ಸ್ಟೂಲಿನಿಂದ ಉತ್ತರ ಬಂತು.

"ನಾ ಹಚ್ಚತೇನಿ. ನಮ್ಮವ್ವ ಹಚ್ಚತಿದ್ಲು, ಅಕಿ ಅವ್ವನೂ ಹಚ್ಚತಿದ್ಲು. ಬ್ಯಾಳಿ ತಂದ ದಿನ ಬಿಸಲಿಗೆ ಹಾಕೂದು. ಔಡಲೆಣ್ಣಿ ಒಳಗ ಚಿಟಿಕಿ ಅರಿಶಿಣ ಕಲಿಸಿ ಅಂಗೈಲೇ ತಿಕ್ಕೂದು. ಆಮ್ಯಾಲ ಡಬ್ಬಿ ತುಂಬೂದು. ಹದಿನೆಂಟು ವರ್ಷದಾಗ ನನ್ನ ಬ್ಯಾಳ್ಯಾಗ ಒಂದ ಹುಳ ಬಿದ್ದದ್ದು ತೋರಸ್ರಿ ನೋಡೂಣು!"

ಔಡಲೆಣ್ಣೆ ಎಂದರೆ ನಮ್ಮ ಕಡೆಯ ಹರಳೆಣ್ಣೆ. ನಮ್ಮ ಅಜ್ಜಿಯೂ ಬೇಳೆಗೆ ಹಚ್ಚುತ್ತಿದ್ದಳು. ನಾನು ಹಣೆ ಚಚ್ಚಿಕೊಂಡೆ.

"ಅಲ್ಲಮ್ಮ, ಇದನ್ನ ಎಂಟು ದಿನದಿಂದ ಯಾಕೆ ಬಾಯಿ ಬಿಡ್ಲಿಲ್ಲ?"

"ಯಾರರ ಕೇಳೀರೇನು? ಬಣ್ಣ ಹಾಕೀ ಏನು ಅಂತ ಕೇಳಿದ್ರಿ. ಇಲ್ಲ ಅಂದೆ. ಅರಿಶಿಣ ಬಣ್ಣ ಏನ್ರಿ ಸಾಹೇಬ್ರ? ಅದು ದೇವರಿಗೆ ಏರಸೂದು."

ಸ್ಟೇಷನ್ನಿನಲ್ಲಿ ಎಷ್ಟೋ ಜನ ಸುಳ್ಳು ಹೇಳಿ ಸಿಕ್ಕಿಬಿದ್ದದ್ದನ್ನು ಕಂಡಿದ್ದೇನೆ. ಅರಿಶಿನದ ಮರ್ಯಾದೆ ಕಾಪಾಡಲು ಹೋಗಿ ಸಿಕ್ಕಿಬಿದ್ದವರನ್ನು ಕಂಡದ್ದು ಇದೇ ಮೊದಲು. ನನಗೆ ನಗುವೂ ಬಂತು, ಆ ಹೆಂಗಸಿನ ಬಗ್ಗೆ ಹೆಮ್ಮೆಯೂ ಉಕ್ಕಿತು.

"ಸರಿ," ಎಂದ ಕೊಟ್ರೇಶ್. ಅವನ ಕಿವಿ ಕೆಂಪಾಗಿತ್ತು, ಆದರೂ ಬಿಡಲಿಲ್ಲ. "ಎರಡನೇದಕ್ಕೂ ನೀರು ಹಾಕಿ ಮೇಡಂ."

ಎರಡನೇ ನಳಿಕೆಯಲ್ಲಿದ್ದದ್ದು ಅವನು ತಂದ ಸ್ಯಾಂಪಲ್. ಚನ್ನಬಸಮ್ಮನ ಅಡುಗೆಮನೆಯಿಂದ ಎರಡು ವಾರಕ್ಕೊಮ್ಮೆ ಬೇಳೆಯ ಎರಡು ಕವರ್ ಫ್ಯಾಕ್ಟರಿಗೆ ಹೋಗುವುದು ಪದ್ಧತಿ. ಒಂದು ಪರೀಕ್ಷೆಗೆ, ಇನ್ನೊಂದು ಜೋಪಾನಕ್ಕೆ. ಕವರಿನ ಬಾಯಿಗೆ ಚನ್ನಬಸಮ್ಮ ಸಹಿ ಮಾಡಿದ ಚೀಟಿ ಅಂಟಿಸಿ ಅರಗು ಹಚ್ಚಿರುತ್ತದೆ. ಜೋಪಾನಕ್ಕಿಟ್ಟ ಆ ಕವರನ್ನು ಅರ್ಧ ಗಂಟೆ ಹಿಂದೆ ನಮ್ಮೆಲ್ಲರ ಮುಂದೆಯೇ ಒಡೆದಿದ್ದೆವು. ಅರಗು ಬಿರುಕು ಬಿಟ್ಟಿರಲಿಲ್ಲ, ಚೀಟಿ ಎದ್ದಿರಲಿಲ್ಲ.

ಶ್ಯಾಮಲಾ ನೀರು ಬಿಟ್ಟರು. ಗುಲಾಬಿ ಜಗ್ಗಲಿಲ್ಲ. ಇನ್ನಷ್ಟು ಬಿಟ್ಟರು. ನಳಿಕೆ ತುಂಬಿತು, ಬಣ್ಣ ಹಾಗೆಯೇ ನಿಂತಿತು.

"ಇದು ಕೆಟ್ಟ ಬಣ್ಣ," ಎಂದರು. ನಳಿಕೆ ಹೇಳಿದ್ದನ್ನೇ ಹೇಳುವ ಹೆಂಗಸು. ನಮ್ಮ ಕಡೆಯವರು ಎಂದು ಒಂದಿಷ್ಟೂ ಮೆತ್ತಗೆ ಹೇಳಲಿಲ್ಲ.

ಕೊಟ್ರೇಶ್ ಪತ್ರವನ್ನು ಮುಂದಕ್ಕೆ ಸರಿಸಿದ. "ಡಬ್ಬೀಲಿ ಒಳ್ಳೇದು, ಫ್ಯಾಕ್ಟರಿಗೆ ಕೆಟ್ಟದ್ದು. ಇದು ಇನ್ನೂ ಘೋರ ಅಲ್ವಾ ಸಾರ್?"

"ಕೊಟ್ರೇಶ್, ಒಂದು ಬಿಳಿ ಹಾಳೆ ಕೊಡಿ," ಎಂದರು ಶ್ಯಾಮಲಾ.

ಅವರು ಹಾಳೆಯನ್ನು ಎರಡು ತುಂಡು ಮಾಡಿದರು. ಚನ್ನಬಸಮ್ಮನ ಡಬ್ಬಿಯ ಬೇಳೆ ಒಂದು ಚಮಚ ಒಂದರ ಮೇಲೆ ಸುರಿದು, ಮಡಿಸಿ, ಅಂಗೈಯಲ್ಲಿ ಒತ್ತಿ ಉಜ್ಜಿದರು. ಬೇಳೆ ಜಾಡಿಸಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಲ್ಲಲ್ಲಿ ಎಣ್ಣೆ ಅಂಟಿ ಕಾಗದ ಬೆಳಕು ಬಿಡುತ್ತಿತ್ತು. ಬಜ್ಜಿ ಕಟ್ಟಿ ತಂದ ಪೇಪರ್ ಇರುತ್ತದಲ್ಲ, ಹಾಗೆ.

ಆಮೇಲೆ ಕೊಟ್ರೇಶನ ಕವರಿನ ಬೇಳೆ. ಹಾಗೆಯೇ ಒತ್ತಿದರು, ಉಜ್ಜಿದರು, ಬೆಳಕಿಗೆ ಹಿಡಿದರು.

ಕಾಗದ ಒಣಗಿತ್ತು. ಒಂದಿಷ್ಟು ಹಳದಿ ಪುಡಿ ಬಿಟ್ಟರೆ ಎಣ್ಣೆಯ ಒಂದು ಚುಕ್ಕೆಯೂ ಇರಲಿಲ್ಲ.

ನಾನು ಮತ್ತೆ ಮತ್ತೆ ಎರಡೂ ಹಾಳೆ ನೋಡಿದೆ. ಕೊಟ್ರೇಶನೂ ನೋಡಿದ. ಇದನ್ನು ಅರ್ಥ ಮಾಡಿಕೊಳ್ಳಲು ಕೆಮಿಸ್ಟ್ರಿ ಓದಿರಬೇಕಾಗಿಲ್ಲ.

ಚನ್ನಬಸಮ್ಮ ಎದ್ದು ಬಂದರು. ಒಣ ಹಾಳೆಯ ಬೇಳೆ ನಾಲ್ಕು ಕಾಳು ಬೆರಳ ತುದಿಯಲ್ಲಿ ತಿಕ್ಕಿ, ಮೂಸಿ, ಮೇಜಿನ ಮೇಲೆ ಬಿಟ್ಟರು.

"ಎಣ್ಣಿ ಹಚ್ಚಲಾರದ ಬ್ಯಾಳಿ ನನ್ನ ಅಡಿಗಿಮನಿ ಹೊಸ್ತಿಲಾ ದಾಟಿ ಹೊರಗ ಹೋಗಂಗಿಲ್ಲ. ಇದು ನಂದಲ್ಲ."

ಹೇಳಿದ್ದು ಇಷ್ಟೇ. ಆದರೆ ಎಂಟು ದಿನದಲ್ಲಿ ಮೊದಲ ಸಲ ಅವರ ದನಿಯಲ್ಲಿ ಯಜಮಾನಿಕೆ ಬಂದಿತ್ತು. ಶ್ಯಾಮಲಾ ಕನ್ನಡಕ ತೆಗೆದು ಅವರನ್ನೇ ನೋಡಿದರು. ತಮ್ಮ ಕಸುಬಿನ ಬಗ್ಗೆ ಅಭಿಮಾನವಿರುವ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಗುರುತು ಹಿಡಿದರೆಂದು ನನಗೆ ಅನ್ನಿಸಿತು.

ಸಂತೋಷಪಡದವರು ಆ ಕೋಣೆಯಲ್ಲಿ ಇಬ್ಬರೇ. ಒಬ್ಬ ಕೊಟ್ರೇಶ್, ಅದು ಸಹಜ. ಇನ್ನೊಬ್ಬಳು ಕಾವ್ಯಾ.

ಕಾವ್ಯಾ ಚನ್ನಬಸಮ್ಮನ ಮಗಳು. ವೈಟ್‌ಫೀಲ್ಡ್‌ನಲ್ಲಿ ಗಂಡ, ಮಗಳ ಜೊತೆ ಅಪಾರ್ಟ್‌ಮೆಂಟ್ ವಾಸ, ಪಕ್ಕದ ಐಟಿ ಪಾರ್ಕಿನಲ್ಲಿ ಕೆಲಸ. 'ಆ ಕೊಟ್ರೇಶ್ ಸ್ಯಾಂಪಲ್ ಬದಲಾಯಿಸಿದಾನೆ, ಹೇಗಾದ್ರೂ ಹಿಡೀರಿ ಅಂಕಲ್' ಎಂದು ಅಳುತ್ತ ನನ್ನ ಬಳಿ ಬಂದವಳು ಅವಳೇ. ಅಮ್ಮ ಗೆದ್ದಾಗ ಕುಣಿಯಬೇಕಾದವಳು, ಬಾಗಿಲ ಬಳಿ ನಿಂತು ಒಣ ಹಾಳೆಯನ್ನೇ ನೋಡುತ್ತಿದ್ದಳು.

"ಬೇಳೆ ನಿಮ್ದಲ್ಲ, ಆಯ್ತಮ್ಮ," ಎಂದ ಕೊಟ್ರೇಶ್. "ಆದ್ರೆ ಚೀಟಿ? ಆ ಸಹಿ ಯಾರ್ದು? ಅರಗು ಒಡೆದಿಲ್ಲ ಅಂತ ಎಲ್ಲರೂ ನೋಡಿದೀರ. ನಾನು ಒಳಗಿನ ಬೇಳೆ ಹೇಗೆ ಬದಲಾಯಿಸ್ಲಿ, ಮಂತ್ರ ಹಾಕ್ಲಾ?"

ಚನ್ನಬಸಮ್ಮ ಚೀಟಿಯನ್ನು ಕಣ್ಣ ಹತ್ತಿರ ಹಿಡಿದರು. "ಸಹಿ ನಂದ," ಎಂದರು.

"ಕವರ್ ಕಟ್ಟೋವಾಗ ನೀವು ಮುಂದೆ ನಿಂತಿದ್ರಾ?" ಎಂದು ನಾನು ಕೇಳಿದೆ.

"ಇಲ್ರಿ. ಹೊತ್ತ ಏರೂತ್ಲೆ ಕೈ ಹಿಟ್ಟಿನಾಗ ಇರತಾವ. ಅದಕ ಅಮಾಸಿಗೊಮ್ಮೆ ಪೂಜಿ ಮುಗಿಸಿ ಕುಂತು ಒಂದಿಷ್ಟು ಖಾಲಿ ಚೀಟಿಗೆ ಸಹಿ ಮಾಡಿ ಇಟ್ಟಬಿಡತೇನಿ. ಮಲಕಪ್ಪ ಕವರ್ ಕಟ್ಟಿ, ಚೀಟಿ ಹಚ್ಚಿ ಒಯ್ತಿದ್ದ."

ಮಲಕಪ್ಪ ಅವರ ಅಡುಗೆಮನೆಯ ಹಿರಿಯ ಕೆಲಸದವನು. ಶುರುವಿನಿಂದ ಜೊತೆಗಿದ್ದವನು, ಬೇಳೆಗೆ ಎಣ್ಣೆ ಹಚ್ಚುವುದನ್ನು ಅವರ ಕೈಯಲ್ಲೇ ಕಲಿತವನು.

"ಈ ಸಲನೂ ಅವನೇ ತಂದನಾ?"

"ಈ ಸಲ ಅಂವ ಇರಲಿಲ್ಲ. ಅವರವ್ವಗ ಆರಾಮಿಲ್ಲಂತ ಕವರ್ ಕಟ್ಟೂ ಸೋಮವಾರ ನಸಿಕಿನ್ಯಾಗ ಊರಿಗೆ ಹ್ವಾದ. ಸ್ಯಾಂಪಲ್..."

ಚನ್ನಬಸಮ್ಮ ಚೀಟಿ ಕೆಳಗಿಟ್ಟರು. ನಿಧಾನವಾಗಿ ಬಾಗಿಲ ಕಡೆ ತಿರುಗಿದರು.

"ಕಾವ್ಯಾ. ಚೀಟಿ ನೀನ ಇಸ್ಕೊಂಡಿ. ಕವರ್ ನೀನ ಕಟ್ಟಿದಿ."

ಕೆಳಗೆ ಪ್ರೆಸ್ ನಿಂತಿತ್ತು. ವರ್ಕ್‌ಶಾಪಿನವರಿಗೆ ಊಟದ ಹೊತ್ತು.

"ಹೌದಮ್ಮ," ಎಂದಳು ಕಾವ್ಯಾ.

ಕೇಸು ಕೊಟ್ಟವಳನ್ನೇ ಪ್ರಶ್ನೆ ಮಾಡಬೇಕಾಗಿ ಬರುವುದು ನನ್ನ ಕಸುಬಿನಲ್ಲಿ ಅತ್ಯಂತ ಬೇಸರದ ಕೆಲಸ. ಆದರೆ ಮಾಡಲೇಬೇಕು.

"ಯಾಕಮ್ಮ ಹಿಂಗ್ ಮಾಡಿದೆ?"

"ಅಂಕಲ್, ನಾನು ಕೆಟ್ಟದ್ದು ಹಾಕ್ಲಿಲ್ಲ. ಒಳ್ಳೇದನ್ನೇ ಹಾಕಿದ್ದು." ಅವಳು ಒಂದೇ ಉಸಿರಿಗೆ ಹೇಳತೊಡಗಿದಳು. "ಅದಕ್ಕೂ ಹದಿನೈದು ದಿನ ಮುಂಚೆ ಕೊಟ್ರೇಶ್ ಫೋನ್ ಮಾಡಿದ್ರು. 'ನಿಮ್ಮಮ್ಮನ ಬೇಳೆ ಗುಲಾಬಿ ಆಗ್ತಿದೆ, ಮುಂದಿನ ಸಲನೂ ಹಿಂಗೇ ಬಂದ್ರೆ ನಾನು ಬರೆದು ಕಳಿಸ್ಬೇಕಾಗುತ್ತೆ, ಅವರಿಗೆ ಹೇಳೋಕೆ ನಂಗೆ ಭಯ' ಅಂತ. ನಂಗೆ ತಕ್ಷಣ ಹೊಳೆದಿದ್ದು ಈ ಅರಿಶಿನ, ಈ ಎಣ್ಣೆ. ಇದ್ರಿಂದಾನೇ ಏನೋ ಆಗ್ತಿದೆ ಅನ್ಕೊಂಡೆ. ಬಿಡು ಅಂದ್ರೆ ಅಮ್ಮ ಬಿಡ್ತಾಳಾ? ಅದಕ್ಕೆ ನಮ್ಮನೆ ಆರ್ಗ್ಯಾನಿಕ್ ಬೇಳೆ ಎರಡು ಕವರ್‌ಗೆ ತುಂಬಿ, ಚೀಟಿ ಅಂಟಿಸಿ ಕೊಟ್ಬಿಟ್ಟೆ. ಪ್ಯಾಕೆಟ್ ಬೇಳೆ, ದುಬಾರಿ ಬೇಳೆ. ಪಾಸ್ ಆಗೇ ಆಗುತ್ತೆ ಅನ್ಕೊಂಡಿದ್ದೆ. ಫೇಲ್ ಆದಾಗ ಕೊಟ್ರೇಶೇ ಬದಲಾಯಿಸಿದಾರೆ ಅಂತ ನಂಬಿದ್ದೆ. ದೇವರಾಣೆಗೂ ನಂಬಿದ್ದೆ ಅಂಕಲ್."

ಕೊಟ್ರೇಶ್ ಒಣ ಹಾಳೆಯನ್ನು ಎತ್ತಿ ಮತ್ತೊಮ್ಮೆ ಬೆಳಕಿಗೆ ಹಿಡಿದ.

"ನನ್ನ ಬ್ಯಾಳಿ ಮ್ಯಾಲ ನಿನಗ ನಾಚಿಕಿ ಬಂತು," ಎಂದರು ಚನ್ನಬಸಮ್ಮ.

"ಅಮ್ಮ..."

"ಬಂತು, ಇಲ್ಲೋ?"

"ಬಂತು," ಎಂದಳು ಕಾವ್ಯಾ. ಅವಳು ಅಳುತ್ತಿದ್ದಳು.

ಚನ್ನಬಸಮ್ಮ ಬೈಯಲಿಲ್ಲ. ಬೈದಿದ್ದರೆ ನಮಗೆಲ್ಲ ಹಗುರಾಗುತ್ತಿತ್ತು. ಅವರು ಕೇಳಿದ್ದು ಬೇರೆಯದೇ.

"ಆ ಬ್ಯಾಳಿ ಎಷ್ಟ ದಿನದಿಂದ ತಿನ್ನಾಕತ್ತೀರಿ? ಕೂಸಿಗೂ ಅದನ್ನ ಹಾಕತೀಯೇನು?"

"ಏಳು ತಿಂಗಳಿಂದ. ಅವಳಿಗೂ ಅದೇ." ಕಾವ್ಯಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನಮ್ಮನೆ ಒಂದೇ ಅಲ್ಲಮ್ಮ. ನಮ್ಮ ಅಪಾರ್ಟ್‌ಮೆಂಟ್‌ನ ನೂರೆಂಬತ್ತು ಮನೆ. ಗ್ರೂಪಲ್ಲಿ ಆರ್ಡರ್ ತಗೊಂಡು ಎಲ್ಲರಿಗೂ ತರಿಸಿಕೊಡೋದು ನಾನೇ."

ಶ್ಯಾಮಲಾ ಪೆನ್ನು ತೆಗೆದುಕೊಂಡರು. "ಯಾವ ಕಂಪನಿ?"

"ನೆಲದೊಡಲು ನ್ಯಾಚುರಲ್ಸ್. ಆನೇಕಲ್ ರಸ್ತೇಲಿ ದೊಡ್ಡ ಕಿಚನ್ ಇದೆ ಅವರದ್ದು."

ಕೊಟ್ರೇಶ್ ಕುರ್ಚಿಯಲ್ಲಿ ಕುಸಿದು ಕೂತ. ಅಲ್ಲಿಯವರೆಗೆ ಅವನ ಮೇಲೆ ನನಗಿದ್ದ ಸಿಟ್ಟು, ಅವನ ಮುಖ ನೋಡಿದ ಮೇಲೆ ಎಲ್ಲಿ ಹೋಯಿತೋ ಗೊತ್ತಿಲ್ಲ.

"ಸಾರ್," ಎಂದ. "ನಾಳೆಯಿಂದ ನಮ್ಮ ಫ್ಯಾಕ್ಟರಿಗೆ ಊಟ ಕೊಡೋರು ಅವರೇ."

"ಏನಂದ್ರಿ?"

"ಈ ಆಸಿಡ್ ಪರೀಕ್ಷೆ ನಂಗೆ ಹೇಳಿಕೊಟ್ಟಿದ್ದೂ ಅವರೇ. ಕಳೆದ ತಿಂಗಳು ಬಂದು, 'ನಿಮ್ಮ ಕ್ಯಾಂಟೀನ್ ಬೇಳೆನ ಒಂದ್ಸಲ ಹಿಂಗೆ ನೋಡಿ, ಗುಲಾಬಿ ಬಂದ್ರೆ ಮುಗೀತು' ಅಂದ್ರು. ನೀರು ಹಾಕ್ಬೇಕು ಅಂತ ಹೇಳ್ಲೇ ಇಲ್ಲ ಸಾರ್. ನಾನು ಓದಿದ್ದು ಬಿಕಾಂ. ನಂಗೇನು ಗೊತ್ತು?"

ಹಾಗಾದರೆ ಚನ್ನಬಸಮ್ಮ ಬೇಳೆಗೆ ಅರಿಶಿನ ಹಚ್ಚುತ್ತಾರೆಂದು ಆ ಕಂಪನಿಗೆ ಮೊದಲೇ ತಿಳಿದಿತ್ತು. ಅರ್ಧ ಪರೀಕ್ಷೆ ಮಾಡಿಸಿದರೆ ಒಳ್ಳೆಯ ಬೇಳೆಯೂ ಕೆಟ್ಟದ್ದಾಗಿ ಕಾಣುತ್ತದೆಂದೂ ತಿಳಿದಿತ್ತು. ನಮಗೆ ಎಂಟು ದಿನ ಗೊತ್ತಾಗದ ಅಡುಗೆಮನೆಯ ಪದ್ಧತಿಯನ್ನು ಅವರಿಗೆ ಯಾರು ಹೇಳಿದರು?

ಇದನ್ನು ನಾನು ಬಾಯಿಬಿಟ್ಟು ಕೇಳಿದೆ.

ಚನ್ನಬಸಮ್ಮ ಮೇಜಿನ ಮೇಲಿನ ತಪ್ಪೊಪ್ಪಿಗೆ ಪತ್ರ ಎತ್ತಿಕೊಂಡು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ನಡೀರಿ ಸಾಹೇಬ್ರ. ನಾಳೆ ಆರುನೂರು ಮಂದಿ ಎಲ್ಯಾಗ ಆ ಬ್ಯಾಳಿ ಬೀಳಬಾರದು. ಈ ಕಾಗದಕ್ಕ ಅವರ ಸಹಿ ಹಾಕಿಸ್ಕೊಂಡ ಬರೂಣು."

ಇಂಥ ಹೆಂಗಸಿನ ಪರವಾಗಿ ಎಂಟು ದಿನ ಓಡಾಡಿದೆನಲ್ಲ ಎಂದು, ಸುಳ್ಳೇಕೆ ಹೇಳಲಿ, ಎದೆ ಉಬ್ಬಿತು.

"ಅಮ್ಮಾ, ಒಂದು ನಿಮಿಷ," ಎಂದ ಕೊಟ್ರೇಶ್. ಅವನ ದನಿ ಇಳಿದುಹೋಗಿತ್ತು. "ನಿನ್ನೆ ಅವರ ಕಿಚನ್ ನೋಡ್ಕೊಂಡು ಬರೋಕೆ ಹೋಗಿದ್ದೆ. ಅಲ್ಲಿ ಹೊಸಾ ಅಡುಗೆ ಮೇಸ್ತ್ರಿ ಒಬ್ರು ಇದಾರೆ ಅಂದ್ರು. ದೂರದಿಂದ ನೋಡ್ದೆ. ನಂಗೆ ಅವರು ಮಲಕಪ್ಪನ ಥರಾನೇ ಕಂಡ್ರು."

"ಸುಳ್ಳು." ಚನ್ನಬಸಮ್ಮ ಗಕ್ಕನೆ ನಿಂತರು. "ಅಂವ ಊರಾಗ ಅದಾನ. ನಿನ್ನೆ ರಾತ್ರಿನ ಮಾತಾಡೀನಿ. ಅವರವ್ವನ ಔಷಧ ವಿಚಾರಿಸೀನಿ. ತಡೀರಿ, ನಿಮಗೂ ಕೇಳಸ್ತೇನಿ."

ಅವರೇ ಫೋನ್ ತೆಗೆದು ನಂಬರ್ ಒತ್ತಿದರು. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು.

ನಾಲ್ಕು ಸಲ ರಿಂಗಾಯಿತು.

"ಹೇಳ್ರಿ ಅವ್ವಾರ," ಎಂದಿತು ಮಲಕಪ್ಪನ ದನಿ. ಮೆತ್ತನೆಯ, ಮನೆಯವರಂಥ ದನಿ.

"ಎಲ್ಲದೀಯೋ ಮಲಕಪ್ಪ?"

"ಊರಾಗ ಅದೀನ್ರಿ. ಅವ್ವನ ಹಾಸಿಗಿ ಕಡೆನ ಕುಂತೀನಿ."

ಚನ್ನಬಸಮ್ಮ ತಲೆ ಎತ್ತಿ ಕೊಟ್ರೇಶನನ್ನು ನೋಡಿದರು. ಅವರ ಮುಖದಲ್ಲಿ ಗೆಲುವಿತ್ತು.

ಅಷ್ಟರಲ್ಲಿ ಫೋನಿನೊಳಗೆ, ಮಲಕಪ್ಪನ ಹಿಂದಿನಿಂದ, ದೊಡ್ಡ ಪಾತ್ರೆ ಎಳೆದ ಸದ್ದಾಯಿತು. ಯಾರೋ ಹೆಂಗಸು ನಮ್ಮ ಆನೇಕಲ್ ಕಡೆಯ ಮಾತಿನಲ್ಲಿ ಕೂಗಿದಳು.

"ಮಲಕಪ್ಪಣ್ಣೋ, ನಾಳೀಕೆ ಆರ್ನೂರು ಊಟ ಅಂದ್ಯಲ್ಲ, ಬೇಳೆ ಎಷ್ಟು ಅಳೀಲಿ?"